ಹತ್ತು ಸಾಲಿನ ವಾಪಸಾತಿ: ಇಂಟರಪ್ಟ್ ಮುಗಿಸಿ ಪ್ರೊಸೆಸರ್ ಮರಳಿ ಬರುವುದು ಹೇಗೆ?

"ಹತ್ತ ಸಾಲ ಬರಿಯಾಕ ಮೂರ ವಾರ ಬೇಕೇನೋ ನಿನಗ?"

ಕೇಳಿದ್ದು ನಮ್ಮ ಕಾಕು. ಬೆಳಗಾವಿ ಬಸ್ ನಿಲ್ದಾಣದ ಹತ್ತಿರ ಅವರದೊಂದು ಸಣ್ಣ ಖಾನಾವಳಿ ಇದೆ. ನಾನು ಟಿಳಕವಾಡಿಯ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುವವನು. ಮಧ್ಯಾಹ್ನದ ಊಟ ಅಲ್ಲೇ. ಉದ್ಯಮಬಾಗದಲ್ಲಿ ಕಾಣುವಂಥ ಮಷಿನ್‌ಗಳ ಒಳಗೆ ಕೂರುವ ಸಣ್ಣ ಕಂಪ್ಯೂಟರ್‌ಗಳಿಗೆ ನಾವು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು ಬರೆಯುತ್ತೇವೆ. ಅದರಲ್ಲಿ ಇಂಟರಪ್ಟ್, ಅಂದರೆ ಕೆಲಸದ ನಡುವೆ ಬರುವ ಕರೆ, ಮುಗಿಸಿ ಮರಳುವ ಹತ್ತು ಸಾಲು ಕೋಡನ್ನು ಚುರುಕು ಮಾಡುವುದು ನನ್ನ ಪಾಲಿಗೆ ಬಂದಿತ್ತು.

ಕಾಕುಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕರ್ನಲ್ ಎಂಬ ಪದ ಈಗ ಎಂಜಿನಿಯರಿಂಗ್ ಹುಡುಗರ ಪುಸ್ತಕದಲ್ಲಷ್ಟೇ ಉಳಿದಿಲ್ಲ. 2024ರ ಜುಲೈ 19ರಂದು ಕರ್ನಲ್ ಒಳಗೇ ಓಡುವ ಒಂದು ಭದ್ರತಾ ಸಾಫ್ಟ್‌ವೇರಿನ ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದವಲ್ಲ, ಆ ದಿನದಿಂದ ಖಾನಾವಳಿಗೆ ಬರುವವರೂ "ಕರ್ನಲ್ ಅಂದ್ರೇನ್ರೀ" ಅಂತ ಕೇಳುತ್ತಾರೆ.

## ಕರ್ನಲ್ ಅಂದರೆ ಅಡುಗೆಮನೆ

ಖಾನಾವಳಿಯಲ್ಲಿ ಎರಡು ಭಾಗ. ಮುಂದೆ ಊಟದ ಹಾಲ್, ಹಿಂದೆ ಅಡುಗೆಮನೆ. ಹಾಲ್‌ಗೆ ಯಾರು ಬೇಕಾದರೂ ಬರಬಹುದು. ಒಲೆ, ಸಿಲಿಂಡರ್, ಜೋಳದ ಚೀಲ ಎಲ್ಲ ಒಳಗೆ. ಅಲ್ಲಿಗೆ ಗಿರಾಕಿಗಳನ್ನು ಬಿಡುವುದಿಲ್ಲ.

ಕಂಪ್ಯೂಟರ್ ಕೂಡ ಹೀಗೆಯೇ. ನೀವು ಬಳಸುವ ಬ್ರೌಸರ್, ವಾಟ್ಸ್ಆ್ಯಪ್, ಟ್ಯಾಲಿ ಎಲ್ಲ ಹಾಲ್‌ನಲ್ಲಿ ಕೂತ ಗಿರಾಕಿಗಳು. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮೇಲೆ ನೇರ ಅಧಿಕಾರ ಇರುವುದು ಕರ್ನಲ್‌ಗೆ ಮಾತ್ರ. ಪ್ರೊಸೆಸರ್ ಒಂದೇ, ಆದರೆ ಅದಕ್ಕೆ ಎರಡು ಸ್ಥಿತಿ. ಆ್ಯಪ್‌ನ ಕೆಲಸ ಮಾಡುವಾಗ ಬಳಕೆದಾರನ ಸ್ಥಿತಿ, ಅಂದರೆ ಅಡುಗೆಮನೆಯ ಕೀಲಿ ಕೈಯಲ್ಲಿಲ್ಲ. ಕರ್ನಲ್‌ನ ಕೆಲಸ ಮಾಡುವಾಗ ಕರ್ನಲ್ ಸ್ಥಿತಿ, ಎಲ್ಲ ಕೀಲಿಯೂ ಸೊಂಟದಲ್ಲಿ.

## ಇಂಟರಪ್ಟ್: ಕೈಗೆ ಹಿಟ್ಟು ಹತ್ತಿರುವಾಗ ಬರುವ ಫೋನ್

ಕಾಕು ರೊಟ್ಟಿ ಬಡಿಯುತ್ತಿದ್ದಾರೆ. ಫೋನ್ ಬಂತು. ಕೈ ಒರೆಸಿಕೊಂಡು ಎದ್ದು, ಮಾತಾಡಿ, ಮತ್ತೆ ಬಂದು ಕೂರುತ್ತಾರೆ. ಪ್ರೊಸೆಸರ್‌ಗೆ ಬರುವ ಇಂಥ ಕರೆಗೆ ಇಂಟರಪ್ಟ್ ಅಂತ ಹೆಸರು. ನೀವು ಕೀಲಿಮಣೆ ಒತ್ತಿದರೆ ಒಂದು ಕರೆ. ನೆಟ್‌ವರ್ಕ್‌ನಿಂದ ಮಾಹಿತಿ ಬಂದರೆ ಒಂದು ಕರೆ. ತಪ್ಪದೆ ಮತ್ತೆ ಮತ್ತೆ ಕರೆಯುವುದು ಗಡಿಯಾರ. ವಿಂಡೋಸ್ ಹಾಗೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಕರ್ನಲ್ ಕಟ್ಟುವಾಗ ಈ ಗಡಿಯಾರ ಸೆಕೆಂಡಿಗೆ 100, 250, 300 ಅಥವಾ 1000 ಸಲ ಬಾರಿಸಲಿ ಅಂತ ಆರಿಸಿಕೊಳ್ಳಬಹುದು.

ನಿಮ್ಮ ಹತ್ತಿರ ಲಿನಕ್ಸ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. 'ಪ್ರೊಕ್' ಎಂಬ ಫೋಲ್ಡರ್‌ನಲ್ಲಿ 'ಇಂಟರಪ್ಟ್ಸ್' ಎಂಬ ಫೈಲ್ ಇದೆ. ತೆರೆದು ನೋಡಿ, ಎರಡು ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ನೀವು ಏನನ್ನೂ ಮುಟ್ಟದಿದ್ದರೂ ಸಂಖ್ಯೆಗಳು ಏರಿರುತ್ತವೆ.

ಪ್ರತಿ ಕರೆಗೂ ಒಂದು ಹೋಗುವುದು, ಒಂದು ಬರುವುದು ಇದೆ. ಹೋಗುವುದರ ಬಗ್ಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ಸಿಗುತ್ತದೆ. ಬರುವುದಕ್ಕೆ ಸುಮ್ನೆ ಒಂದು ಸಾಲು: "ನಂತರ ಪ್ರೊಸೆಸರ್ ಹಿಂದಿನ ಕೆಲಸಕ್ಕೆ ಮರಳುತ್ತದೆ." ನನ್ನ ಮೂರು ವಾರ ಹೋಗಿದ್ದು ಆ ಒಂದು ಸಾಲಿನಲ್ಲಿ.

## ಏಳುವ ಮುನ್ನ ಬರೆದಿಡುವ ಐದು ವಿಷಯ

ಮರಳಿ ಬಂದಾಗ ಏನೂ ಆಗೇ ಇಲ್ಲ ಎಂಬಂತೆ ಕೆಲಸ ಮುಂದುವರಿಯಬೇಕು. ಮಧ್ಯದಲ್ಲಿ ನಿಂತ ಪ್ರೋಗ್ರಾಂಗೆ ತಾನು ನಿಂತಿದ್ದೇ ಗೊತ್ತಾಗಬಾರದು. ಅದಕ್ಕೆ ಗುರುತು ಬೇಕು.

ಇಂದಿನ 64 ಬಿಟ್‌ನ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಕರೆ ಬಂದ ಕೂಡಲೇ ಐದು ವಿಷಯವನ್ನು ತಾವಾಗಿಯೇ ಬರೆದಿಡುತ್ತವೆ. ಮುಂದೆ ಮಾಡಬೇಕಿದ್ದ ಆದೇಶದ ವಿಳಾಸ. ಆಗ ಯಾವ ಸ್ಥಿತಿಯಲ್ಲಿದ್ದೆ ಎಂಬುದು. ಹಿಂದಿನ ಲೆಕ್ಕದ ಫಲ ಸೊನ್ನೆಯೇ, ಇಂಟರಪ್ಟ್‌ಗೆ ಅವಕಾಶ ಇದೆಯೇ ಎಂಬಂಥ ಸಣ್ಣ ಗುರುತುಗಳ ಗೊಂಚಲು, ಇದಕ್ಕೆ ಫ್ಲ್ಯಾಗ್ ಅನ್ನುತ್ತಾರೆ. ಕೊನೆಗೆ ಸ್ಟ್ಯಾಕ್‌ಗೆ ಸೇರಿದ ಎರಡು ವಿವರ. ಒಂದೊಂದಕ್ಕೆ 8 ಬೈಟ್, ಒಟ್ಟು 40 ಬೈಟ್.

ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಹಾಗೆ. ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಈ ಐದು ಬಿಟ್ಟು ಇನ್ನೂ ಹದಿನೈದು ರಿಜಿಸ್ಟರ್‌ಗಳಿವೆ. ಪ್ರೊಸೆಸರ್ ಲೆಕ್ಕ ಮಾಡುವಾಗ ಅಂಕಿ ಇಟ್ಟುಕೊಳ್ಳುವ ಜಾಗಗಳಿವು. ಅವನ್ನು ಕಾಯುವ ಜವಾಬ್ದಾರಿ ಕರ್ನಲ್ ಬರೆಯುವವನದು.

ಮರಳುವಾಗ ಇದೇ ಉಲ್ಟಾ. ಮೊದಲು ಹದಿನೈದನ್ನು ಮರಳಿಸಿ, ಕೊನೆಗೆ ಐರೆಟ್ ಎಂಬ ಒಂದೇ ಆದೇಶ ಕೊಟ್ಟರೆ ಐದೂ ವಿಷಯ ಒಟ್ಟಿಗೆ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಐರೆಟ್ ಅಂದರೆ 'ಇಂಟರಪ್ಟ್‌ನಿಂದ ಮರಳು'. 1978ರ 8086 ಚಿಪ್‌ನಲ್ಲೂ ಇದು ಇತ್ತು. ಆಗ ಮೂರೇ ವಿಷಯ ಮರಳಿಸುತ್ತಿತ್ತು.

## ಹೊರಡುವ ಮುನ್ನ ಒಂದು ಸಲ ಹಿಂತಿರುಗಿ ನೋಡುವುದು

ಅಡುಗೆಮನೆಯಿಂದ ಹಾಲ್‌ಗೆ ಹೊರಡುವ ಮುನ್ನ ಕರ್ನಲ್ ಎರಡು ಮುಖ್ಯ ಪ್ರಶ್ನೆ ಕೇಳಿಕೊಳ್ಳುತ್ತದೆ. ಬೇರೆ ಪ್ರೋಗ್ರಾಂನ ಸರದಿ ಬಂತೇ? ಈ ಪ್ರೋಗ್ರಾಂಗೆ ಯಾವುದಾದರೂ ಸಂದೇಶ ಕಾದಿದೆಯೇ? ಇದ್ದರೆ ಅದನ್ನು ಮುಗಿಸಿ ಮತ್ತೆ ಮೊದಲಿನಿಂದ ಕೇಳಿಕೊಳ್ಳುತ್ತದೆ.

ಕೊನೆಯ ಸಲ ಕೇಳುವಾಗ ಇಂಟರಪ್ಟ್‌ಗಳನ್ನು ತಡೆದಿರಬೇಕು. ಇಲ್ಲದಿದ್ದರೆ "ಏನೂ ಇಲ್ಲ" ಅಂತ ನೋಡಿ ಮುಗಿಸುವುದಕ್ಕೂ ಹೊರಗೆ ಕಾಲಿಡುವುದಕ್ಕೂ ನಡುವೆ ಹೊಸ ಸಂದೇಶ ಬಂದು ಬಿಡುತ್ತದೆ. ಮುಂದಿನ ಕರೆ ಬರುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

## ಐರೆಟ್ ಯಾಕೆ ಇಷ್ಟು ನಿಧಾನ?

ಸಾಮಾನ್ಯ ಫಂಕ್ಷನ್‌ನಿಂದ ಮರಳಲು ರೆಟ್ ಎಂಬ ಆದೇಶ ಇದೆ. ಅದು ತಟ್ಟೆಗಳ ಮೇಲಿಂದ ಒಂದು ವಿಳಾಸ ಎತ್ತಿಕೊಂಡು ಅಲ್ಲಿಗೆ ಹೋಗುತ್ತದೆ, ಅಷ್ಟೇ. ಒಂದೆರಡು ಸೈಕಲ್‌ನ ಕೆಲಸ. ಐರೆಟ್‌ಗೆ ಹತ್ತಾರು ಸೈಕಲ್ ಬೇಕು, ಕೆಲವು ಚಿಪ್‌ಗಳಲ್ಲಿ ನೂರನ್ನೂ ದಾಟುತ್ತದೆ. ಸೈಕಲ್ ಅಂದರೆ ಪ್ರೊಸೆಸರ್‌ನ ಒಂದು ಮಿಡಿತ. 3 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 300 ಕೋಟಿ ಮಿಡಿತ.

ಮೊದಲನೇ ಕಾರಣ ತಪಾಸಣೆ. ಐರೆಟ್ ಯಾರನ್ನೂ ನಂಬುವುದಿಲ್ಲ. ಹೋಗಬೇಕಾದ ಜಾಗ ಒಳಗಿನದೋ ಹೊರಗಿನದೋ, ಅಧಿಕಾರ ಕಡಿಮೆ ಆಗಬೇಕೋ, ಇದು 32 ಬಿಟ್‌ನ ಹಳೇ ಪ್ರೋಗ್ರಾಮೋ, ಎಲ್ಲ ನೋಡುತ್ತದೆ. 1980ರ ದಶಕದಿಂದ ಬಂದ ಸೆಗ್ಮೆಂಟ್ ಎಂಬ ವ್ಯವಸ್ಥೆಯ ಪಟ್ಟಿಯನ್ನು ಮೆಮೊರಿಯಿಂದ ತೆಗೆದು ಓದುತ್ತದೆ. ಆ ವ್ಯವಸ್ಥೆಯನ್ನು ಈಗ ಹೆಚ್ಚು ಕಡಿಮೆ ಯಾರೂ ಬಳಸುವುದಿಲ್ಲ, ಆದರೂ ಓದಲೇಬೇಕು. ಇದನ್ನೆಲ್ಲ ಮಾಡಲು ಚಿಪ್‌ನ ಒಳಗೆ ಮೈಕ್ರೋಕೋಡ್ ಎಂಬ ಸಣ್ಣ ಪ್ರೋಗ್ರಾಂ ಓಡುತ್ತದೆ.

ಎರಡನೇ ಕಾರಣ ನನಗೆ ಇನ್ನೂ ಸ್ವಾರಸ್ಯ ಅನ್ನಿಸುತ್ತದೆ. ಕಾಕು ರೊಟ್ಟಿ ಮಾಡುವುದನ್ನು ಹತ್ತಿರದಿಂದ ನೋಡಿ. ಒಂದು ರೊಟ್ಟಿ ಒಲೆಯ ಕೆಂಡದ ಪಕ್ಕ ಉಬ್ಬುತ್ತಿರುತ್ತದೆ. ಇನ್ನೊಂದು ಹಂಚಿನ ಮೇಲಿರುತ್ತದೆ, ಅದರ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ ಆಗಿದೆ. ಮೂರನೆಯದು ಕೈ ಕೆಳಗೆ ಬಡಿಸಿಕೊಳ್ಳುತ್ತಿರುತ್ತದೆ. ನಾಲ್ಕನೆಯದಕ್ಕೆ ಹಿಟ್ಟಿನ ಉಂಡೆ ಪಕ್ಕದಲ್ಲಿ ಕಾದಿರುತ್ತದೆ. ಇಂದಿನ ಪ್ರೊಸೆಸರ್ ಕೆಲಸ ಮಾಡುವುದು ಹೀಗೆಯೇ. ಒಂದು ಆದೇಶ ಮುಗಿಯುವ ಮೊದಲೇ ಮುಂದಿನ ಹಲವನ್ನು ಕೈಗೆತ್ತಿಕೊಂಡಿರುತ್ತದೆ.

ಐರೆಟ್ ಬಂದರೆ ಇದೆಲ್ಲ ನಿಲ್ಲಬೇಕು. ಕೆಂಡದ ಪಕ್ಕದ್ದು ಬೇಯಲಿ, ಹಂಚು ಖಾಲಿಯಾಗಲಿ, ಹಲಗೆ ಒರೆಸಲಿ, ಆಮೇಲೆ ಮೊದಲ ಉಂಡೆಯಿಂದ ಶುರು. ಇಂಟೆಲ್‌ನ ಕೈಪಿಡಿಯಲ್ಲಿ ಇಂಥ ಆದೇಶಗಳದೇ ಒಂದು ಪಟ್ಟಿ ಇದೆ, ಐರೆಟ್ ಅದರಲ್ಲಿ ಒಂದು. ಲಿನಕ್ಸ್ ಕೆಲವು ಕಡೆ ಈ ಗುಣಕ್ಕಾಗಿಯೇ ಬೇಕಂತ ಐರೆಟ್ ಬಳಸುತ್ತದೆ. ಎಲ್ಲಿಂದಲೂ ಮರಳಬೇಕಿಲ್ಲದಿದ್ದರೂ ತಾನಿದ್ದ ಜಾಗಕ್ಕೇ ತಾನು 'ಮರಳಿ', ಕೈ ಖಾಲಿ ಮಾಡಿಕೊಳ್ಳುತ್ತದೆ!

ಒಂದು ಕರೆಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಆದರೆ ಸೆಕೆಂಡಿಗೆ ಒಂದು ಲಕ್ಷ ಇಂಟರಪ್ಟ್ ಬರುವ ಯಂತ್ರ ಅಂದುಕೊಳ್ಳಿ. ಹೋಗಿ ಬರುವ ಖರ್ಚು 300 ಸೈಕಲ್ ಅಂತ ಹಿಡಿಯಿರಿ. ಒಟ್ಟು ಮೂರು ಕೋಟಿ ಸೈಕಲ್, ಅಂದರೆ ಆ 300 ಕೋಟಿಯಲ್ಲಿ ನೂರಕ್ಕೆ ಒಂದು ಪಾಲು. ಕೆಲಸ ಮಾಡಿದ್ದಕ್ಕಲ್ಲ, ಬಾಗಿಲು ದಾಟಿದ್ದಕ್ಕೆ.

## ಹಾಲ್‌ಗೋ, ಒಲೆಗೋ?

ಇಲ್ಲಿಯೇ ಇರುವುದು ಉಳಿತಾಯದ ದಾರಿ. ಕರೆ ಬಂದಾಗ ಪ್ರೊಸೆಸರ್ ಯಾವಾಗಲೂ ಹಾಲ್‌ನಲ್ಲೇ ಇರುತ್ತದೆ ಅಂತೇನಿಲ್ಲ. ಎಷ್ಟೋ ಸಲ ಅದು ಮೊದಲೇ ಅಡುಗೆಮನೆಯಲ್ಲಿರುತ್ತದೆ. ಮಾಡಲು ಏನೂ ಇಲ್ಲದೆ ಸುಮ್ಮನೆ ಕಾಯುವ ಪ್ರೊಸೆಸರ್ ಕೂಡ ಕರ್ನಲ್ ಸ್ಥಿತಿಯಲ್ಲೇ ಕಾಯುತ್ತದೆ. ನಿಮ್ಮ ಪ್ರೋಗ್ರಾಂನ ಮಾಹಿತಿಯನ್ನು ಕರ್ನಲ್ ತನ್ನ ಕಡೆಗೆ ನಕಲು ಮಾಡಿಕೊಳ್ಳುವಾಗ ಆ ಮಾಹಿತಿಯ ತುಂಡು ಮೆಮೊರಿಯಲ್ಲಿ ಸಿಗದಿದ್ದರೆ ಆಗಲೂ ಹೀಗೇ ಕೆಲಸ ಬಿಟ್ಟು ಹೋಗಿ ಬರಬೇಕಾಗುತ್ತದೆ.

ಅಂಥ ಹೊತ್ತಲ್ಲಿ ಮರಳಬೇಕಾದ್ದು ಅಡುಗೆಮನೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಅಧಿಕಾರ ಬದಲಾಗುವುದಿಲ್ಲ, ಕೀಲಿ ಬಿಚ್ಚಿಡಬೇಕಿಲ್ಲ. ಆದರೂ ಐರೆಟ್ ಅದೇ ಪೂರ್ತಿ ಶಾಸ್ತ್ರ ಮಾಡುತ್ತದೆ. ಹಿಟ್ಟಿನ ಡಬ್ಬಿಯಿಂದ ಒಲೆಗೆ ಎರಡು ಹೆಜ್ಜೆ ಬರಲು ಮುಂದಿನ ಗೇಟಿನ ಕೀಲಿ ತೆಗೆದು ಮತ್ತೆ ಹಾಕಿದ ಹಾಗೆ.

ಹಾಗಾದರೆ ಇಲ್ಲಿ ರೆಟ್ ಬಳಸಿದರೆ? 2014ರಲ್ಲಿ ಲಿನಕ್ಸ್ ಡೆವಲಪರ್ ಆಂಡಿ ಲುಟೊಮಿರ್ಸ್ಕಿ ಇದನ್ನೇ ಪ್ರಸ್ತಾಪಿಸಿದರು. ಕರ್ನಲ್‌ನಿಂದ ಕರ್ನಲ್‌ಗೇ ಮರಳುವಾಗ ಐರೆಟ್ ಬಿಟ್ಟು ಬಿಡಿ. ವಿಳಾಸವನ್ನು ನಿಂತಿದ್ದ ಕೆಲಸದ ಹಳೇ ಸ್ಟ್ಯಾಕ್‌ನ ಮೇಲೆ ಇಡಿ, ಆ ಸ್ಟ್ಯಾಕ್‌ಗೆ ಬದಲಾಗಿ, ಫ್ಲ್ಯಾಗ್‌ಗಳನ್ನು ಮರಳಿಸಿ, ರೆಟ್ ಮಾಡಿ. ಮುಖ್ಯ ಲಿನಕ್ಸ್‌ಗೆ ಇದು ಸೇರಲಿಲ್ಲ. ಆದರೆ ಯೋಚನೆ ಗಟ್ಟಿ, ಸಣ್ಣ ಕರ್ನಲ್ ಬರೆಯುವ ನಮ್ಮಂಥವರಿಗೆ ಉಪಯೋಗಕ್ಕೆ ಬರುವಂಥದ್ದು.

## ಹೊಸ್ತಿಲ ಮೇಲಿನ ಒಂದು ಕ್ಷಣ

ನಾನು ಎಡವಿದ್ದು ಇಲ್ಲಿ. ಮರಳುವ ಕೆಲಸ ನಡೆಯುವಾಗ ಇಂಟರಪ್ಟ್‌ಗಳನ್ನು ತಡೆದಿರುತ್ತೇವೆ. ಮರಳಿದ ಮೇಲೆ ತೆರೆದಿರಬೇಕು. ತೆರೆಯುವುದು ಯಾವಾಗ? ಐರೆಟ್‌ನಲ್ಲಿ ಈ ಪ್ರಶ್ನೆಯೇ ಇಲ್ಲ. ಐದೂ ಕೆಲಸ ಒಂದೇ ಏಟಿಗೆ ಆಗುತ್ತವೆ. ಬಿಡಿಬಿಡಿಯಾಗಿ ಮಾಡಲು ಹೋದರೆ ನಡುವೆ ಸಂದಿ ಬೀಳುತ್ತದೆ.

ಬಾಗಿಲು ತೆರೆದು ಇನ್ನೂ ಹೊಸ್ತಿಲ ಮೇಲೆ ನಿಂತಿರುವಾಗ ಮುಂದಿನ ಕರೆ ಬಂದರೆ, ಹಳೇ ತಟ್ಟೆಗಳ ಮೇಲೆ ಹೊಸ ತಟ್ಟೆಗಳು ಏರುತ್ತವೆ. ಅದನ್ನು ಮುಗಿಸಿ ಮತ್ತೆ ಹೊಸ್ತಿಲಿಗೆ ಬರುವಷ್ಟರಲ್ಲಿ ಇನ್ನೊಂದು. ಕರೆಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದರೆ ಪೇರಿಕೆ ಸೂರು ಮುಟ್ಟುತ್ತದೆ. ಸ್ಟ್ಯಾಕ್‌ಗೆ ಕೊಟ್ಟ ಜಾಗ ಕೆಲವೇ ಕಿಲೋಬೈಟ್. ಅದು ದಾಟಿದರೆ ಪಕ್ಕದಲ್ಲಿದ್ದ ಏನೋ ಒಂದು ಹಾಳಾಗುತ್ತದೆ.

ಇದಕ್ಕೆ ಪರಿಹಾರ ಚಿಪ್‌ನಲ್ಲೇ ಇದೆ. ಇಂಟರಪ್ಟ್ ತೆರೆಯುವ ಆದೇಶದ ಹೆಸರು ಎಸ್‌ಟಿಐ. ಇಂಟರಪ್ಟ್ ಮುಚ್ಚಿದ್ದಾಗ ಇದನ್ನು ಕೊಟ್ಟರೆ ಕೂಡಲೇ ತೆರೆಯುವುದಿಲ್ಲ, ಅದರ ಮುಂದಿನ ಒಂದು ಆದೇಶ ಮುಗಿಯುವವರೆಗೆ ಕಾಯುತ್ತದೆ. ಆದ್ದರಿಂದ ಎಸ್‌ಟಿಐ ಆದ ತಕ್ಷಣವೇ ರೆಟ್ ಇಟ್ಟರೆ ಸಂದಿ ಮುಚ್ಚಿತು. ಬಾಗಿಲು ತೆರೆಯುವ ಹೊತ್ತಿಗೆ ನೀವು ಆಗಲೇ ಒಲೆಯ ಮುಂದೆ ಕೂತಿರುತ್ತೀರಿ.

ಫ್ಲ್ಯಾಗ್‌ಗಳನ್ನು ಮರಳಿಸುವ ಪಾಪ್‌ಎಫ್ ಎಂಬ ಆದೇಶಕ್ಕೆ ಈ ಸೌಲಭ್ಯ ಇಲ್ಲ. ಹಾಗಾಗಿ ಒಂದು ಉಪಾಯ ಮಾಡಬೇಕು. ಬರೆದಿಟ್ಟ ಫ್ಲ್ಯಾಗ್‌ಗಳಲ್ಲಿ 'ಇಂಟರಪ್ಟ್ ತೆರೆದಿದೆ' ಎಂಬ ಗುರುತನ್ನು ಮೊದಲು ಅಳಿಸಿ, ಪಾಪ್‌ಎಫ್ ಮಾಡಿ, ಆಮೇಲೆ ಎಸ್‌ಟಿಐ, ಕೊನೆಗೆ ರೆಟ್. ಮೊದಲ ಪ್ರಯತ್ನದಲ್ಲಿ ನಾನು ಎಸ್‌ಟಿಐಯನ್ನು ಒಂದು ಸಾಲು ಮೇಲೆ ಇಟ್ಟಿದ್ದೆ. ಟೆಸ್ಟ್‌ಗೆ ಇಟ್ಟ ಯಂತ್ರ ಎರಡು ಗಂಟೆ ಚೆನ್ನಾಗಿ ಓಡಿತು. ಆಮೇಲೆ ಒಂದು ಮಾತೂ ಹೇಳದೆ ನಿಂತಿತು. ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತಿದ್ದುದರಿಂದ ಹುಡುಕಲು ಒಂದು ವಾರ ಹಿಡಿಯಿತು. ಮೂರರಲ್ಲಿ ಒಂದು ವಾರದ ಲೆಕ್ಕ ಇದು, ಕಾಕು.

ಇನ್ನೊಂದು ಮಾತು. ಈ ಚುರುಕು ದಾರಿ ಎಲ್ಲ ಸಲಕ್ಕೂ ಅಲ್ಲ. ದೋಷ ಹುಡುಕಲು ಪ್ರೋಗ್ರಾಂ ಅನ್ನು ಒಂದೊಂದೇ ಹೆಜ್ಜೆ ನಡೆಸುವಾಗ ಬಳಸುವ ಕೆಲವು ಫ್ಲ್ಯಾಗ್‌ಗಳಿವೆ. ಅವುಗಳಲ್ಲಿ ಒಂದನ್ನು ಪಾಪ್‌ಎಫ್ ಮರಳಿಸುವುದೇ ಇಲ್ಲ. ಅಂಥದ್ದು ಕಂಡರೆ ಮರ್ಯಾದೆಯಿಂದ ಹಳೇ ಐರೆಟ್‌ಗೇ ಹೋಗಬೇಕು.

## ತಡೆಯಲಾಗದ ಕರೆ

ಎಲ್ಲ ಕರೆಗಳನ್ನೂ ತಡೆಯಲು ಆಗುವುದಿಲ್ಲ. ಹಾರ್ಡ್‌ವೇರ್ ಕೆಟ್ಟಾಗ, ಅಥವಾ ಕರ್ನಲ್ ಸಿಕ್ಕಿಕೊಂಡಿದೆಯೇ ಅಂತ ನೋಡಲು ಬರುವ ಕರೆ ಒಂದಿದೆ. ಅದಕ್ಕೆ ಎನ್‌ಎಂಐ ಅಂತ ಹೆಸರು. ಬಾಗಿಲು ಹಾಕಿದ್ದರೂ ಒಳಗೆ ಬರುತ್ತದೆ. ಇದರ ಮಧ್ಯೆ ಇನ್ನೊಂದು ಎನ್‌ಎಂಐ ಬಂದರೆ ಮೊದಲನೆಯದರ ಗುರುತುಗಳ ಮೇಲೆಯೇ ಬರೆದು ಹಾಳು ಮಾಡೀತು. ಅದಕ್ಕೇ ಒಂದು ನಡೆಯುತ್ತಿರುವಾಗ ಇನ್ನೊಂದನ್ನು ಚಿಪ್ ತಡೆದು ಹಿಡಿಯುತ್ತದೆ.

ಎಲ್ಲಿಯವರೆಗೆ? ಮುಂದಿನ ಐರೆಟ್ ಕಾಣುವವರೆಗೆ. ಅದು ಯಾರದೇ ಐರೆಟ್ ಆಗಿರಲಿ! ಎನ್‌ಎಂಐ ನಡುವೆ ಒಂದು ಸಣ್ಣ ದೋಷ ಬಂದು, ಅದನ್ನು ಸರಿ ಮಾಡಿ ಐರೆಟ್‌ನಿಂದ ಮರಳಿದರೆ, ಚಿಪ್ "ಎನ್‌ಎಂಐ ಮುಗಿಯಿತು" ಅಂದುಕೊಂಡು ತಡೆ ತೆಗೆದುಬಿಡುತ್ತದೆ. ಮುಗಿದೇ ಇರುವುದಿಲ್ಲ. ಈ ಒಂದು ಎಡವಟ್ಟಿಗಾಗಿ ಲಿನಕ್ಸ್‌ನಲ್ಲಿ ತಲೆ ಸುತ್ತುವಷ್ಟು ಕೋಡ್ ಇದೆ. ರೆಟ್ ದಾರಿಯಲ್ಲಿ ಈ ತೊಂದರೆ ಇಲ್ಲ, ಅದು ತಡೆಯನ್ನು ಮುಟ್ಟುವುದಿಲ್ಲ. ಎನ್‌ಎಂಐನಿಂದಲೇ ಮರಳುವಾಗ ಮಾತ್ರ ಐರೆಟ್ ಬೇಕೇ ಬೇಕು, ಇಲ್ಲದಿದ್ದರೆ ಆ ತಡೆ ಹಾಗೇ ಉಳಿದುಬಿಡುತ್ತದೆ.

## ಹಾಲ್ ಕಡೆಯ ಅವಸರ

ಹಾಲ್‌ಗೆ ಮರಳಲೂ ಒಂದು ಚುರುಕು ಆದೇಶ ಇದೆ, ಸಿಸ್‌ರೆಟ್. ಅದು ಇರುವುದು ಪ್ರೋಗ್ರಾಂ ತಾನಾಗಿ ಕರ್ನಲ್‌ನ ಸಹಾಯ ಕೇಳಿದಾಗ ಮರಳಲು. 2015ರಿಂದ ಲಿನಕ್ಸ್ ಇದನ್ನು ಇನ್ನೂ ಹೆಚ್ಚು ಕಡೆ ಬಳಸುತ್ತಿದೆ. ಮೊದಲು ಐರೆಟ್‌ನಿಂದ ಮರಳುತ್ತಿದ್ದ ಜಾಗದಲ್ಲೂ ಕೆಲವು ಅಂಶಗಳನ್ನು ಹೋಲಿಸಿ ನೋಡಿ, ಎಲ್ಲ ಸರಿಯಿದ್ದರೆ ಸಿಸ್‌ರೆಟ್.

ಆ ಅಂಶಗಳಲ್ಲಿ ಒಂದು, ಮರಳುವ ವಿಳಾಸ ಸರಿಯಾದ ವ್ಯಾಪ್ತಿಯಲ್ಲಿದೆಯೇ ಎಂಬುದು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಂಟೆಲ್ ಚಿಪ್‌ನಲ್ಲಿ ಅಸಂಬದ್ಧ ವಿಳಾಸ ಕೊಟ್ಟು ಸಿಸ್‌ರೆಟ್ ಮಾಡಿದರೆ, ದೋಷ ಹೊರಬರುವುದು ಇನ್ನೂ ಕರ್ನಲ್ ಸ್ಥಿತಿಯಲ್ಲಿರುವಾಗ, ಅದೂ ಬಳಕೆದಾರನ ಸ್ಟ್ಯಾಕ್ ಹಿಡಿದುಕೊಂಡು. ಎಲ್ಲ ಕೀಲಿ ಸೊಂಟದಲ್ಲಿಟ್ಟುಕೊಂಡು ಗಿರಾಕಿಯ ತಟ್ಟೆಯಲ್ಲಿ ಕೈ ಹಾಕಿದ ಹಾಗೆ. ಲಿನಕ್ಸ್ ಇದನ್ನು 2006ರಲ್ಲೇ ಸರಿಮಾಡಿಕೊಂಡಿತ್ತು. 2012ರಲ್ಲಿ ನೋಡಿದರೆ ವಿಂಡೋಸ್, ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ, ಒಂದೇ ಯಂತ್ರದಲ್ಲಿ ಹಲವು ಸಿಸ್ಟಂ ಓಡಿಸುವ ಝೆನ್, ಇವುಗಳಲ್ಲಿ ಅದೇ ತೂತು ಹಾಗೇ ಇತ್ತು.

2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ದೋಷ ಬಯಲಾದ ಮೇಲೆ ಹಾಲ್ ಕಡೆಯ ಬಾಗಿಲು ಇನ್ನೂ ಭಾರವಾಯಿತು. ಅನೇಕ ಇಂಟೆಲ್ ಚಿಪ್‌ಗಳಲ್ಲಿ ಹಾಲ್‌ನಲ್ಲಿ ಕೂತವರು ಅಡುಗೆಮನೆಯಲ್ಲಿ ಏನಿದೆ ಅಂತ ಊಹಿಸಬಹುದಿತ್ತು. ಅದಕ್ಕೆ ಒಳಗೆ ಬರುವಾಗ, ಹೊರಗೆ ಹೋಗುವಾಗ ಮೆಮೊರಿಯ ನಕ್ಷೆಯನ್ನೇ ಬದಲಿಸುವ ವ್ಯವಸ್ಥೆ ಬಂತು. ಅಪ್‌ಡೇಟ್ ಹಾಕಿದ ಮೇಲೆ ಕಂಪ್ಯೂಟರ್ ನಿಧಾನ ಆಯ್ತು ಅಂತ ಆಗ ಎಷ್ಟೋ ಮಂದಿ ಗೊಣಗಿದ್ದರು, ನೆನಪಿದೆ ಅಲ್ವಾ? ಆ ನಿಧಾನದ ದೊಡ್ಡ ಪಾಲು ಈ ಬಾಗಿಲಿನದು.

## ಎರಡು ಬೇರೆ ಬಾಗಿಲು

ಕೊನೆಗೆ ಇಂಟೆಲ್ ಚಿಪ್ ಅನ್ನೇ ಬದಲಿಸಲು ಹೊರಟಿತು. ಫ್ರೆಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಮರಳಲು ಎರಡು ಬೇರೆ ಬೇರೆ ಆದೇಶಗಳಿವೆ. ಇರೆಟ್‌ಯು ಹಾಲ್‌ಗೆ ಹೋಗಲು, ಇರೆಟ್‌ಎಸ್ ಅಡುಗೆಮನೆಯೊಳಗೇ ಓಡಾಡಲು. ಇಲ್ಲಿಯವರೆಗೆ ಕರ್ನಲ್ ಬರೆಯುವವರು ಕಸರತ್ತು ಮಾಡಿ ಬೇರ್ಪಡಿಸುತ್ತಿದ್ದುದನ್ನು ಇದು ಚಿಪ್‌ನಲ್ಲೇ ಬೇರ್ಪಡಿಸುತ್ತದೆ. ಎನ್‌ಎಂಐ ತಡೆ ತೆಗೆಯಬೇಕೋ ಬೇಡವೋ ಎಂಬುದನ್ನೂ ಪ್ರತ್ಯೇಕವಾಗಿ ಹೇಳಬಹುದು. 2024ರಲ್ಲಿ ಬಂದ ಲಿನಕ್ಸ್ 6.9ರಲ್ಲಿ ಇದಕ್ಕೆ ಬೇಕಾದ ಕೋಡ್ ಸೇರಿದೆ. ಹಳೇ ಚಿಪ್‌ಗಳಿಗಾಗಿ ಐರೆಟ್ ದಾರಿಯೂ ಉಳಿದಿದೆ.

ನಮ್ಮ ಯಂತ್ರಗಳಲ್ಲಿರುವುದು ಹಳೇ ಚಿಪ್. ಆದ್ದರಿಂದ ನನ್ನ ಹತ್ತು ಸಾಲು ಹತ್ತೇ. ಮೊನ್ನೆ ಮತ್ತೆ ನೋಡಿದಾಗ ಅದರಲ್ಲಿ ಎರಡು ಸಾಲು ಬೇಕಿಲ್ಲ ಅನ್ನಿಸಿತು, ತೆಗೆದು ಟೆಸ್ಟ್‌ಗೆ ಇಟ್ಟಿದ್ದೇನೆ. ಊಟಕ್ಕೆ ಹೋದಾಗ ಕಾಕುಗೆ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ ಅವರು ಕೇಳಿದರು:

"ಎರಡ ಸಾಲ ಅಳಸಾಕ ಎಷ್ಟ ದಿನ ಹಿಡೀತು?"

ನಾಲ್ಕು ದಿನ ಅಂದೆ.